ಗಿಣಿಗೆ ಹೆಗಲು ಕೊಡುವ ಮೊದಲು ಇಳಿಯಲು ಕಲಿಸಿ

ಗಿಣಿ ಮನೆಗೆ ಬಂದ ಮೊದಲ ವಾರದಲ್ಲೇ ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡಬೇಕೆಂದು ಎಲ್ಲರಿಗೂ ಆಸೆಯಾಗುತ್ತದೆ. ಹಕ್ಕಿಗೂ ಆ ಜಾಗ ಇಷ್ಟವೇ. ಎತ್ತರವಿದೆ, ಬೆಚ್ಚಗಿದೆ, ಜೊತೆಗಾರನ ಮುಖ ಪಕ್ಕದಲ್ಲೇ ಇದೆ, ಕೆದಕಲು ಕೂದಲು, ಕಿವಿಯೋಲೆ, ಕನ್ನಡಕ ಎಲ್ಲವೂ ಸಿಗುತ್ತವೆ. ಕೂರಿಸಿಕೊಳ್ಳಬಹುದೇ ಎಂದು ಕೇಳಿದರೆ, ಕೂರಿಸಿಕೊಳ್ಳಬಹುದು. ಆದರೆ ಎಲ್ಲ ಗಿಣಿಗಳನ್ನೂ ಅಲ್ಲ, ಎಲ್ಲ ಹೊತ್ತಿನಲ್ಲೂ ಅಲ್ಲ. ಕರೆದ ಕೂಡಲೇ ಹೆಗಲಿನಿಂದ ಕೈಗೆ ಬರುವ ಗಿಣಿಗೆ ಹೆಗಲು ಕೊಡಿ. ಬಾರದ ಗಿಣಿಗೆ ಸದ್ಯಕ್ಕೆ ಬೇಡ, ಅದು ಎಷ್ಟೇ ಮುದ್ದಾಗಿರಲಿ.

ಹೆಗಲೇರಿದ ಗಿಣಿ ತಾನೇ ಯಜಮಾನ ಎಂದುಕೊಳ್ಳುತ್ತದೆ, ಆದ್ದರಿಂದ ಅದರ ತಲೆ ನಮ್ಮ ತಲೆಗಿಂತ ಮೇಲಿರಬಾರದು ಎನ್ನುವ ಮಾತು ಇನ್ನೂ ಚಾಲ್ತಿಯಲ್ಲಿದೆ. ಅದನ್ನು ನಂಬಬೇಡಿ. ಗಿಣಿ ಎತ್ತರ ಹುಡುಕುವುದು ಯಾರನ್ನೋ ಆಳುವುದಕ್ಕಲ್ಲ. ಬೇಟೆಯಾಡುವ ಪ್ರಾಣಿಗಳಿಗೆ ಸಿಗದೆ, ಸುತ್ತಲೂ ಕಣ್ಣಾಡಿಸಿಕೊಂಡು ಇರುವುದಕ್ಕೆ. ಎತ್ತರದಲ್ಲಿರುವ ಗಿಣಿ ಮಾತು ಕೇಳುವುದಿಲ್ಲ ಎಂಬ ದೂರೇನೋ ನಿಜ. ಆದರೆ ಕಾರಣ ಬೇರೆ: ಆ ಜಾಗ ಅದಕ್ಕೆ ಹಿತವಾಗಿದೆ, ನಿಮ್ಮ ಕೈ ಬಂತೆಂದರೆ ಪಂಜರಕ್ಕೆ ಹೋಗಬೇಕಾಗುತ್ತದೆ ಎಂದು ಅದು ಕಲಿತುಬಿಟ್ಟಿದೆ. ಕಲಿತದ್ದನ್ನು ಬೇರೆ ಪಾಠದಿಂದ ಬದಲಿಸಬಹುದು. ಯಜಮಾನಿಕೆ ತೋರಿಸಲು ಹೋಗಿ ಗದರಿದರೆ, ಕೊಡವಿದರೆ, ಹಕ್ಕಿ ಕಲಿಯುವುದು ಕೈಗೆ ಹೆದರುವುದನ್ನು ಮಾತ್ರ.

ಅಪಾಯ ಎಲ್ಲಿದೆ

ಗಿಣಿ ಕೈ ಮೇಲಿದ್ದಾಗ ಅದರ ಕಣ್ಣು, ಕತ್ತಿನ ಗರಿ, ಬಾಲ ಎಲ್ಲ ನಿಮಗೆ ಕಾಣುತ್ತವೆ. ಅದು ಮುನಿಸಿಕೊಂಡಾಗ ಒಂದೆರಡು ಕ್ಷಣ ಮೊದಲೇ ಗೊತ್ತಾಗುತ್ತದೆ, ಎಚ್ಚರವಾಗಲು ಸಮಯ ಸಿಗುತ್ತದೆ. ಹೆಗಲಿಗೆ ಹೋದ ಮೇಲೆ ಅದು ನಿಮ್ಮನ್ನು ನೋಡುತ್ತಿರುತ್ತದೆ, ನಿಮಗೆ ಅದು ಕಾಣುವುದಿಲ್ಲ. ಅದನ್ನು ನೋಡಲು ಮುಖ ತಿರುಗಿಸಿದರೆ ಕಣ್ಣು, ತುಟಿ, ಮೂಗು ನೇರವಾಗಿ ಕೊಕ್ಕಿನ ಎದುರಿಗೆ ಬರುತ್ತವೆ. ಹೆಗಲಿನ ತೊಂದರೆಯ ಮೂಲವೆಲ್ಲ ಇಷ್ಟರಲ್ಲೇ ಇದೆ.

ಕಚ್ಚಲು ಗಿಣಿಗೆ ಸಿಟ್ಟೇ ಬರಬೇಕೆಂದಿಲ್ಲ. ಅದು ವಸ್ತುಗಳನ್ನು ತಿಳಿಯುವುದು ಕೊಕ್ಕು ಮತ್ತು ನಾಲಿಗೆಯಿಂದ. ನಿಮ್ಮ ಮುಖದ ಮಚ್ಚೆ, ಹಲ್ಲು, ರೆಪ್ಪೆಗೂದಲು ಅದಕ್ಕೆ ಬಿಡಿಸಿ ನೋಡಬೇಕಾದ ಸಂಗತಿಗಳು. ಇನ್ನೊಂದು ಕಾರಣ ಗಾಬರಿ. ಬಾಗಿಲು ದಢಾರನೆ ಬಡಿದರೆ, ಕಿಟಕಿಯಾಚೆ ಹದ್ದಿನ ನೆರಳು ಸುಳಿದರೆ, ಹಕ್ಕಿ ಹಾರುತ್ತದೆ ಇಲ್ಲವೇ ಹತ್ತಿರ ಸಿಕ್ಕಿದ್ದನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಮೂರನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ. ತನಗಾಗದ ವ್ಯಕ್ತಿ ಕೋಣೆಗೆ ಬಂದಾಗ ಗಿಣಿಯ ಸಿಟ್ಟು ಅವರ ಮೇಲೆ, ಕಚ್ಚುವುದು ಮಾತ್ರ ಹೊತ್ತುಕೊಂಡವರ ಕಿವಿಯನ್ನು. ಅವರು ಅದಕ್ಕೆ ಅತಿ ಪ್ರಿಯರಾದವರೇ ಆಗಿರಬಹುದು.

ಗಾತ್ರವೂ ಲೆಕ್ಕಕ್ಕೆ ಬರುತ್ತದೆ. 30ರಿಂದ 40 ಗ್ರಾಂ ತೂಗುವ ಪುಟ್ಟ ಗಿಣಿ ಬಡ್ಜಿ, 80ರಿಂದ 120 ಗ್ರಾಂನ ಜುಟ್ಟಿನ ಗಿಣಿ ಕಾಕಟೀಲ್ ಹೆಗಲ ಮೇಲಿದ್ದರೆ ಸಾಮಾನ್ಯವಾಗಿ ದೊಡ್ಡ ಅನಾಹುತವಿಲ್ಲ; ಚರ್ಮ ಚಿವುಟಿದಂತಾಗಬಹುದು ಅಷ್ಟೆ. ಆದರೂ ಕಣ್ಣಿನ ವಿಷಯದಲ್ಲಿ ಯಾವ ಕೊಕ್ಕೂ ಸಣ್ಣದಲ್ಲ. ಲವ್‌ಬರ್ಡ್ ಪುಟ್ಟದಾದರೂ ಅದರ ಗಾತ್ರಕ್ಕೆ ಮೀರಿ ಗಟ್ಟಿಯಾಗಿ ಕಚ್ಚುತ್ತದೆ. ಕನ್ಯೂರ್, ರಿಂಗ್‌ನೆಕ್ ಕಚ್ಚಿದರೆ ರಕ್ತ ಬರುತ್ತದೆ. ಆಫ್ರಿಕನ್ ಗ್ರೇ, ಅಮೆಜಾನ್, ಕಾಕಟೂ ತುಟಿ ಅಥವಾ ಕಿವಿಯನ್ನು ಹರಿದು ಹೊಲಿಗೆ ಹಾಕಿಸುವಂತೆ ಮಾಡಬಲ್ಲವು. ಸುಮಾರು ಒಂದು ಕಿಲೋ ತೂಗುವ ನೀಲಿ ಹಳದಿ ಮಕಾವ್‌ನ ಕೊಕ್ಕು ಗಟ್ಟಿ ಸಿಪ್ಪೆಯ ಕಾಯಿಗಳನ್ನು ಒಡೆಯಲೆಂದೇ ಇರುವುದು. ದೊಡ್ಡ ಮಕಾವ್ ಮತ್ತು ಕಾಕಟೂಗಳ ವಿಷಯದಲ್ಲಿ ನಮ್ಮ ಸಲಹೆ ನೇರ: ಹೆಗಲು ಬೇಡ, ಮುಂಗೈ ಸಾಕು. ಅವುಗಳ ಕೂಗು 100 ಡೆಸಿಬಲ್ ದಾಟುತ್ತದೆ, ಅದೂ ನಿಮ್ಮ ಕಿವಿಯ ಪಕ್ಕದಲ್ಲೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಯಾವ ಗಾತ್ರದ ಗಿಣಿಯನ್ನೂ ಅವರ ಹೆಗಲಿಗೆ ಬಿಡಬೇಡಿ.

ಮೈ ಹೇಳುವುದನ್ನು ಓದುವುದು

ಹೆಗಲಿಗೆ ಕಳಿಸುವ ಮೊದಲು ಗಿಣಿಯನ್ನು ಕೈ ಮೇಲೆ ಇಟ್ಟುಕೊಂಡು ಅರ್ಧ ನಿಮಿಷ ನೋಡಿ. ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಎತ್ತಿಕೊಂಡು, ಮೈಯ ಪುಕ್ಕವನ್ನು ತುಸು ಸಡಿಲ ಬಿಟ್ಟು, ಕೊಕ್ಕನ್ನು ಮೆಲ್ಲಗೆ ಕರಕರ ಮಸೆಯುತ್ತಿದ್ದರೆ ಅದು ನಿರಾಳವಾಗಿದೆ. ಪುಕ್ಕವೆಲ್ಲ ಮೈಗೆ ಅಂಟಿ, ಕತ್ತು ಉದ್ದವಾಗಿ, ಕಣ್ಣು ಅರಳಿದ್ದರೆ ಹೆದರಿದೆ. ಕಣ್ಣಿನ ಪಾಪೆ ಒಂದೇ ಸಮನೆ ಕಿರಿದಾಗಿ ಹಿಗ್ಗಿ, ಮತ್ತೆ ಕಿರಿದಾಗುತ್ತಿದ್ದರೆ ಅದರ ಉದ್ರೇಕ ಏರಿದೆ ಎಂದು ಅರ್ಥ. ಅದು ಸಂತೋಷವೂ ಇರಬಹುದು, ಸಿಟ್ಟೂ ಇರಬಹುದು. ಎರಡರಲ್ಲೂ ಹೆಗಲು ಬೇಡ. ಅಮೆಜಾನ್ ಗಿಣಿಯಲ್ಲಿ ಇದರ ಜೊತೆ ಹಿಂಗತ್ತಿನ ಗರಿ ನೆಟ್ಟಗಾಗಿ ಬಾಲ ಬೀಸಣಿಗೆಯಂತೆ ಅರಳಿತೆಂದರೆ ಕೈಯನ್ನೂ ಹತ್ತಿರ ಒಯ್ಯಬೇಡಿ, ಅದು ತಣ್ಣಗಾಗುವವರೆಗೆ ಕಾಯಿರಿ. ಕಾಕಟೀಲ್‌ಗಳದ್ದು ಸಾಮಾನ್ಯವಾಗಿ ಕಪ್ಪು ಕಣ್ಣು, ಪಾಪೆಯ ಆಟ ಸುಲಭಕ್ಕೆ ಕಾಣದು. ಕಾಕಟೀಲ್‌ನ ಜುಟ್ಟು ನೋಡಿ: ಅದನ್ನು ತಲೆಗೆ ಪೂರಾ ಒತ್ತಿಕೊಂಡು ಬುಸುಗುಟ್ಟಿದರೆ ಮುಂದಿನದು ಕಚ್ಚುವುದೇ.

ಹಕ್ಕಿ ಹೆಗಲಲ್ಲಿದ್ದಾಗ ಇದೆಲ್ಲ ಕಾಣಬೇಕಾದರೆ ಕನ್ನಡಿಯೊಂದೇ ಉಪಾಯ. ಮೊದಲ ವಾರಗಳ ಅಭ್ಯಾಸವನ್ನು ದೊಡ್ಡ ಕನ್ನಡಿಯ ಮುಂದೆ ಮಾಡಿ. ತಲೆ ತಿರುಗಿಸದೆಯೇ ಹಕ್ಕಿಯ ಸ್ಥಿತಿ ಗೊತ್ತಾಗುತ್ತದೆ. ಕನ್ನಡಿಯಲ್ಲಿ ಕಂಡ ಹಕ್ಕಿಯನ್ನು ನೋಡಿ ನಿಮ್ಮ ಗಿಣಿ ಕೆರಳುವುದಾದರೆ ಮಾತ್ರ ಇದನ್ನು ಬಿಟ್ಟುಬಿಡಿ.

ಹತ್ತುವುದು, ಇಳಿಯುವುದು

ಪಾಠ ಶುರುವಾಗುವುದು ಹೆಗಲಿನಲ್ಲಲ್ಲ, ಕೂರುಕಂಬಿಯ ಮೇಲೆ. ಒಂದು ಸಲಕ್ಕೆ 3ರಿಂದ 5 ನಿಮಿಷ, ದಿನಕ್ಕೆ ಎರಡು ಮೂರು ಸಲ, ಊಟಕ್ಕೆ ಸ್ವಲ್ಪ ಮೊದಲು. ಬಹುಮಾನ ಬಲು ಸಣ್ಣದಿರಲಿ: ಬಡ್ಜಿಗೆ ನವಣೆಯ ಒಂದೆರಡು ಕಾಳು, ದೊಡ್ಡ ಗಿಣಿಗೆ ಸೂರ್ಯಕಾಂತಿ ಬೀಜದ ಅರ್ಧ ತಿರುಳು. ತಿಂದು ಮುಗಿಸಲು ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯುವುದಾದರೆ ತುಣುಕು ದೊಡ್ಡದಾಯಿತು. ಆ ತಿಂಡಿಯನ್ನು ಬಟ್ಟಲಿಗೆ ಹಾಕಬೇಡಿ, ಪಾಠದ ಹೊತ್ತಿಗೆ ಮಾತ್ರ ಸಿಗಲಿ.

ಬೆರಳನ್ನೋ ಮುಂಗೈಯನ್ನೋ ಹಕ್ಕಿಯ ಕಾಲುಗಳಿಗಿಂತ ತುಸು ಮೇಲೆ, ಹೊಟ್ಟೆಯ ಕೆಳಭಾಗದ ಹತ್ತಿರ ತಂದು ನಿಲ್ಲಿಸಿ, "ಹತ್ತು" ಎನ್ನಿ. ಹೊಟ್ಟೆಗೆ ಒತ್ತಬೇಡಿ. ಒತ್ತಿದರೆ ಸಮತೋಲ ತಪ್ಪಿ ಹೇಗೋ ಹತ್ತುತ್ತದೆ, ನಿಜ. ಆದರೆ ನಾಲ್ಕು ಸಲ ಹಾಗೆ ಮಾಡಿದರೆ ಕೈ ಬರುವುದನ್ನು ಕಂಡೊಡನೆ ಹಿಂದಕ್ಕೆ ವಾಲಲು ಕಲಿಯುತ್ತದೆ, ಆಮೇಲೆ ಕಚ್ಚಲು. ಹತ್ತುವ ಮುಂಚೆ ಗಿಣಿ ಬೆರಳನ್ನು ಕೊಕ್ಕಿನಿಂದ ಮುಟ್ಟಿ, ಹಿಡಿದು ನೋಡುತ್ತದೆ. ಅದು ಕಚ್ಚುವುದಲ್ಲ, ಕೊಂಬೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುವುದು. ಆಗ ಕೈ ಹಿಂತೆಗೆದರೆ, ಈ ಕೊಂಬೆ ನಂಬುವಂಥದ್ದಲ್ಲ ಎಂದು ಅದಕ್ಕೆ ಖಾತ್ರಿಯಾಗುತ್ತದೆ. ಕೈ ಅಲುಗಾಡದಿರಲಿ. ಹತ್ತಿದ ಕೂಡಲೇ ಬಹುಮಾನ. ನಂತರ ಕೈಯನ್ನು ಕೂರುಕಂಬಿಯ ಪಕ್ಕಕ್ಕೆ, ಕಂಬಿಗಿಂತ ಸ್ವಲ್ಪ ಕೆಳಕ್ಕೆ ಒಯ್ದು "ಇಳಿ" ಎನ್ನಿ. ಗಿಣಿ ಏರುತ್ತಾ ಹೋಗುವ ಹಕ್ಕಿ, ಇಳಿಜಾರಿಗೆ ಹೆಜ್ಜೆ ಹಾಕಲು ಅದಕ್ಕೆ ಮನಸ್ಸಿಲ್ಲ. ಹೀಗೆ ಹತ್ತರಲ್ಲಿ ಒಂಬತ್ತು ಸಲ, ಮೂರು ದಿನ, ಎರಡು ಬೇರೆ ಕೋಣೆಗಳಲ್ಲಿ ಎರಡೂ ಮಾತನ್ನು ಕೇಳಿದರೆ ಹೆಗಲಿಗೆ ಸಿದ್ಧ.

ಕೈ ಮೇಲೆ ನಿಲ್ಲುವುದನ್ನೂ ಕಲಿಸಬೇಕು, ಯಾಕೆಂದರೆ ಕರೆಯದೆ ಹೆಗಲಿಗೆ ಓಡುವುದೇ ಅರ್ಧ ಜಗಳದ ಮೂಲ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ಮಣಿಕಟ್ಟನ್ನು ಮೊಣಕೈಗಿಂತ ಮೇಲೆ ಹಿಡಿಯಿರಿ. ತೋಳಿನಲ್ಲಿ ಮಣಿಕಟ್ಟೇ ಎತ್ತರದ ಜಾಗವಾದಾಗ ಗಿಣಿ ಅಲ್ಲೇ ನಿಲ್ಲುತ್ತದೆ; ಕೈ ಇಳಿಬಿದ್ದರೆ ತೋಳು ಏಣಿಯಾಗುತ್ತದೆ. ಆದರೂ ಹೊರಟರೆ ಇನ್ನೊಂದು ಅಂಗೈಯನ್ನು ಮುಂಗೈಗೆ ಅಡ್ಡ ಇಡಿ, ಮಾತಾಡದೆ. "ಬೇಡ, ಬೇಡ" ಎಂದು ಕೂಗಿದರೆ ಅದಕ್ಕೆ ಅದೊಂದು ಆಟ.

ಹೆಗಲಿನ ಮೊದಲ ಪಾಠ ಐದು ಸೆಕೆಂಡಿನದು. ಕೈಯನ್ನು ಹೆಗಲಿನ ಮುಂಭಾಗಕ್ಕೆ ತಂದು ಹತ್ತಿಸಿಕೊಳ್ಳಿ. ಐದು ಎಣಿಸಿ. ಹಕ್ಕಿ ಎಡ ಹೆಗಲಲ್ಲಿದ್ದರೆ ಬಲಗೈಯನ್ನು ಎದುರಿನಿಂದ, ಅದಕ್ಕೆ ಕಾಣುವಂತೆ, ನಿಧಾನವಾಗಿ ಅದರ ಕಾಲಿನ ಬಳಿಗೆ ತನ್ನಿ. ಮುಖವನ್ನು ಬಲಕ್ಕೆ ತಿರುಗಿಸಿಕೊಳ್ಳಿ. "ಹತ್ತು" ಎನ್ನಿ. ಕೈಗೆ ಬಂದ ಮೇಲೆಯೇ ಬಹುಮಾನ, ಹೆಗಲಿನಲ್ಲಿದ್ದಾಗ ಏನೂ ಇಲ್ಲ. ಹೆಗಲಲ್ಲಿ ತಿನ್ನಿಸಿದರೆ ಇಳಿಯಲು ಕಾರಣವೇ ಉಳಿಯುವುದಿಲ್ಲ. ತಿಂದಾದ ಮೇಲೆ ಮತ್ತೆ ಹೆಗಲಿಗೆ. ಹೀಗೆ ಐದು, ಹತ್ತು, ಮೂವತ್ತು ಸೆಕೆಂಡು, ಒಂದು ನಿಮಿಷ, ಐದು ನಿಮಿಷ ಎಂದು ಬೆಳೆಸಿ. ಒಂದು ಹಂತದಲ್ಲಿ ತಡವರಿಸಿದರೆ ಹಿಂದಿನ ಹಂತಕ್ಕೆ ಹೋಗಿ.

ಎಲ್ಲರೂ ಎಡವುವುದು ಇಲ್ಲಿ: ಪಂಜರಕ್ಕೆ ಹಾಕುವಾಗ ಮಾತ್ರ ಹೆಗಲಿನಿಂದ ಇಳಿಸುತ್ತಾರೆ. ಎರಡು ದಿನದಲ್ಲಿ ಗಿಣಿ ಈ ಲೆಕ್ಕ ಹಿಡಿಯುತ್ತದೆ. ಐದು ಸಲ ಇಳಿಸಿದರೆ ನಾಲ್ಕು ಸಲ ಮತ್ತೆ ಹೆಗಲೋ, ಆಟಿಕೆಯೋ, ತಲೆ ಕೆರೆಯುವುದೋ ಸಿಗಬೇಕು. ಪಂಜರಕ್ಕೆ ಹಾಕುವಾಗಲೂ ಮೊದಲು ಕೈಗೆ ಇಳಿಸಿ, ಒಂದೆರಡು ನಿಮಿಷ ಆಡಿಸಿ, ಪಂಜರದ ಬಟ್ಟಲಲ್ಲಿ ಇಷ್ಟದ ತಿಂಡಿ ಇಟ್ಟು ಆಮೇಲೆ ಒಳಗೆ ಬಿಡಿ.

ಇಳಿಯದೆ ಬೆನ್ನಿಗೆ ಓಡಿದರೆ

ಕೈ ಕಂಡೊಡನೆ ಗಿಣಿ ಹೆಗಲ ಹಿಂದಕ್ಕೆ ಜಾರಿ, ಬೆನ್ನಿನ ಬಟ್ಟೆಯನ್ನು ಉಗುರಿನಿಂದ ಹಿಡಿದು ನೇತಾಡುತ್ತದೆ. ಆಗ ಕೈಯನ್ನು ತಲೆಯ ಮೇಲಿನಿಂದ ಹಿಂದಕ್ಕೆ ಚಾಚಬೇಡಿ. ನಿಮಗೆ ಏನೂ ಕಾಣುವುದಿಲ್ಲ, ಹಕ್ಕಿಗೆ ಅದು ಮೇಲಿನಿಂದ ಎರಗಿದಂತೆ. ಮೈ ಕೊಡವುವುದಂತೂ ಕೂಡದು. ರೆಕ್ಕೆ ಕತ್ತರಿಸಿದ ಗಿಣಿ ಆ ಎತ್ತರದಿಂದ ನೆಲಕ್ಕೆ ಬಿದ್ದರೆ ಎದೆಮೂಳೆಯ ಮೇಲಿನ ಚರ್ಮ ಒಡೆಯಬಹುದು.

ಕೂರುಕಂಬಿ ಇಲ್ಲವೇ ಪಂಜರದ ಮೇಲ್ಭಾಗಕ್ಕೆ ಬೆನ್ನು ಮಾಡಿ, ಹಕ್ಕಿಯ ಕಾಲು ಆ ಕಂಬಿಯ ಮಟ್ಟಕ್ಕೆ ಬರುವಷ್ಟು ಮಂಡಿ ಬಗ್ಗಿಸಿ ನಿಲ್ಲಿ. ಗಟ್ಟಿಯಾದ ಜಾಗ ಸಿಕ್ಕಿತೆಂದು ಬಹುಪಾಲು ಗಿಣಿಗಳು ತಾವೇ ದಾಟಿಕೊಳ್ಳುತ್ತವೆ. ಅಲ್ಲಿಂದ ಕೈಗೆ "ಹತ್ತು" ಎಂದು ಕರೆದು ಬಹುಮಾನ ಕೊಡಿ, ಪಾಠ ಗೆಲುವಿನಲ್ಲಿ ಮುಗಿಯಲಿ. ಇದು ಫಲಿಸದಿದ್ದರೆ ಸೊಂಟದಿಂದ ಮುಂದಕ್ಕೆ ಬಾಗಿ. ಬೆನ್ನು ಸಮತಟ್ಟಾದಾಗ ನೇತಾಡುತ್ತಿದ್ದ ಹಕ್ಕಿ ನಡೆದಾಡಬಲ್ಲದು. ತಲೆಯ ಕಡೆಗೆ ಬಂದಾಗ ಕೈಯನ್ನು ಎದುರಿಗೆ ಕೊಡಿ. ನೆಲದ ಮೇಲೆ ಕುಳಿತುಬಿಡುವುದೂ ಒಳ್ಳೆಯದೇ, ಸ್ವಲ್ಪ ಹೊತ್ತಿಗೆ ಅದು ತೊಡೆಗೆ ಇಳಿದು ಬರುತ್ತದೆ. ಕಚ್ಚುವ ಮೂಡಿನಲ್ಲಿದ್ದರೆ ಬೆರಳು ಬೇಡ, ಕೋಲು ಕೊಡಿ. ಕಾಲ್ಬೆರಳು ಸುತ್ತಿದಾಗ ಕೋಲಿನ ಸುತ್ತಳತೆಯ ಮೂರರಲ್ಲಿ ಎರಡು ಪಾಲನ್ನು ಹಿಡಿಯುವಷ್ಟು ದಪ್ಪ, ಒಂದೂವರೆ ಅಡಿ ಉದ್ದ ಇದ್ದರೆ ಸಾಕು. ಸಿಟ್ಟಿಲ್ಲದ ದಿನಗಳಲ್ಲೇ ಈ ಕೋಲನ್ನು ರೂಢಿ ಮಾಡಿಸಿರಿ. ಮೊದಲ ಬಾರಿಗೆ ಜಗಳದ ನಡುವೆ ತೋರಿಸಿದ ಕೋಲಿಗೆ ಯಾವ ಗಿಣಿಯೂ ಹತ್ತುವುದಿಲ್ಲ.

ಹೆಗಲು ನಿಲ್ಲಿಸಬೇಕಾದ ದಿನಗಳು

ವರ್ಷವೆಲ್ಲ ಸಾಧುವಾಗಿದ್ದ ಗಿಣಿ ಬೆದೆಯ ಕಾಲದಲ್ಲಿ ಬೇರೆಯೇ ಹಕ್ಕಿಯಾಗುತ್ತದೆ. ತಿಂದದ್ದನ್ನು ಕಕ್ಕಿ ನಿಮ್ಮ ಕಿವಿಗೆ ಉಣಿಸಲು ನೋಡುವುದು, ರೆಕ್ಕೆ ಇಳಿಬಿಟ್ಟು ಕುಕ್ಕರಿಸಿ ಏದುಸಿರು ಬಿಡುವುದು, ಹಿಂಭಾಗವನ್ನು ಹೆಗಲಿಗೆ ಉಜ್ಜುವುದು, ಕೂದಲಿನೊಳಗೋ ಕಾಲರಿನೊಳಗೋ ಕತ್ತಲೆಯ ಮೂಲೆ ಹುಡುಕಿ ನುಗ್ಗುವುದು ಇದರ ಗುರುತು. ಹೆಗಲು ಆಗ ಅದರ ಗೂಡು, ಹತ್ತಿರ ಬಂದವರೆಲ್ಲ ಶತ್ರುಗಳು. ಆ ವಾರಗಳಲ್ಲಿ ಹೆಗಲು ಪೂರ್ತಿ ನಿಲ್ಲಿಸಿ. ದಿನಕ್ಕೆ 10ರಿಂದ 12 ಗಂಟೆ ಕತ್ತಲೆಯ ನಿದ್ದೆ ಸಿಗಲಿ. ಬೆನ್ನು, ರೆಕ್ಕೆಯ ಅಡಿ, ಬಾಲದ ಬುಡ ಮುಟ್ಟುವುದು ಬೆದೆಯನ್ನು ಕೆರಳಿಸುತ್ತದೆ, ಆದ್ದರಿಂದ ಯಾವಾಗಲೂ ತಲೆ ಮತ್ತು ಕತ್ತನ್ನಷ್ಟೇ ಸವರಿ. ಮರಿತನ ಕಳೆದು ಪ್ರಾಯಕ್ಕೆ ಬರುವ ಅವಧಿಯಲ್ಲೂ ಹೀಗೇ. ಗರಿ ಉದುರಿ ಹೊಸದು ಮೂಡುವಾಗ ಮೈ ತುರಿಸಿ ಸಿಡುಕಾಗಿರುತ್ತದೆ, ಅಂಥ ದಿನ ಒತ್ತಾಯ ಬೇಡ.

ಕೆಲವು ಜಾಗ, ಕೆಲವು ಕೆಲಸಗಳಿಗೆ ಹೆಗಲ ಮೇಲಿನ ಗಿಣಿ ಯಾವತ್ತೂ ಸಲ್ಲದು. ಅಡುಗೆಮನೆ ಮೊದಲನೆಯದು. ಉರಿಯುವ ಒಲೆ, ಕುದಿಯುವ ಪಾತ್ರೆಯ ಜೊತೆಗೆ ಇನ್ನೊಂದು ಕಾಣದ ಅಪಾಯವಿದೆ: ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದರೆ ಅದರ ಲೇಪನದಿಂದ ಏಳುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ನಾವು ತಿನ್ನುವಾಗ, ಕುಡಿಯುವಾಗಲೂ ಬೇಡ. ಕಾಫಿ, ಚಾಕೊಲೇಟ್, ಮದ್ಯ, ಬೆಣ್ಣೆಹಣ್ಣು ಗಿಣಿಗೆ ವಿಷ, ಹೆಗಲಿನಿಂದ ಲೋಟಕ್ಕೆ ಇಣುಕಲು ಅದಕ್ಕೆ ಒಂದು ಕ್ಷಣ ಸಾಕು. ಬಾಯಿಯಿಂದ ಬಾಯಿಗೆ ತಿನ್ನಿಸುವುದು, ತುಟಿಗೆ ಮುತ್ತು ಕೊಡುವುದು ಎರಡನ್ನೂ ಬಿಡಿ. ಮನುಷ್ಯರ ಬಾಯಿಯ ಬ್ಯಾಕ್ಟೀರಿಯಾದಿಂದ ಹಕ್ಕಿಗೆ ಕಾಯಿಲೆ ಬರಬಹುದು. ಫ್ಯಾನ್ ತಿರುಗುವ ಕೋಣೆ ಬೇಡ. ಹಕ್ಕಿಯನ್ನು ಇಟ್ಟುಕೊಂಡೇ ಒರಗಿ ನಿದ್ದೆಗೆ ಜಾರುವುದಂತೂ ಬೇಡವೇ ಬೇಡ, ಮಗ್ಗುಲಾದಾಗ ಅಡಿ ಸಿಕ್ಕಿ ಸತ್ತ ಗಿಣಿಗಳು ಇವೆ.

ಹೊರಗೆ ಕರೆದೊಯ್ಯುವವರಿಗೆ ಒಂದು ಮಾತು ಒತ್ತಿ ಹೇಳಬೇಕು. "ಇದು ಎಲ್ಲೂ ಹೋಗಲ್ಲ, ರೆಕ್ಕೆ ಕತ್ತರಿಸಿದ್ದೇವೆ" ಎಂಬ ಧೈರ್ಯದಲ್ಲೇ ಎಷ್ಟೋ ಗಿಣಿಗಳು ಕಳೆದುಹೋಗಿವೆ. ಗಾಬರಿಯಾದಾಗ ಗಾಳಿಯೂ ಜೊತೆಗೂಡಿದರೆ ಕತ್ತರಿಸಿದ ರೆಕ್ಕೆಯಲ್ಲೂ ಅದು ಮರದ ತುದಿಗೆ ಹೋಗಿ ಕೂರುತ್ತದೆ. ಹೊರಗೆ ಹೋಗುವುದಾದರೆ ಒಯ್ಯುವ ಪಂಜರ, ಇಲ್ಲವೇ ಮೈಗೆ ತೊಡಿಸುವ ಪಟ್ಟಿ. ಕಾಲಿಗೆ ಸರಪಳಿ ಕಟ್ಟಬೇಡಿ. ಹಾರಿ ಎಳೆದಾಗ ಕಾಲೇ ಮುರಿಯಬಹುದು. ಮನೆಯೊಳಗೂ ಬಾಗಿಲು ತೆರೆಯುವ ಮೊದಲು, ಯಾರಾದರೂ ಒಳಬರುವ ಮೊದಲು ಹೆಗಲಿನಿಂದ ಕೈಗೆ ಇಳಿಸಿಕೊಳ್ಳುವುದು ರೂಢಿಯಾಗಲಿ.

ಉಡುಪು, ಹಿಕ್ಕೆ, ಉಗುರು

ಕಿವಿಯೋಲೆ, ಸರ, ಮೂಗುತಿ ತೆಗೆದಿಡಿ. ಕಿವಿ ಹರಿಯುವ ಭಯ ಒಂದು ಕಡೆ. ಅಗ್ಗದ ಲೋಹದಲ್ಲಿರಬಹುದಾದ ಸೀಸ, ಸತು ಗಿಣಿಯ ಹೊಟ್ಟೆಗೆ ಹೋದರೆ ವಿಷ. ಉಗುರು ಸಿಕ್ಕಿಕೊಳ್ಳುವ ಹೆಣಿಗೆಯ ಬಟ್ಟೆಗಿಂತ ದಪ್ಪ, ಬಿಗಿ ನೇಯ್ಗೆಯ ಅಂಗಿ ಒಳ್ಳೆಯದು. ಹೆಗಲ ಮೇಲೆ ಒಂದು ಹಳೆಯ ಟವೆಲ್ ಹೊದ್ದರೆ ಹಕ್ಕಿಗೆ ಹಿಡಿತ, ನಿಮಗೆ ಸ್ವಚ್ಛತೆ. ಮಧ್ಯಮ ಗಾತ್ರದ ಗಿಣಿ ಸುಮಾರು 15ರಿಂದ 20 ನಿಮಿಷಕ್ಕೊಮ್ಮೆ ಹಿಕ್ಕೆ ಹಾಕುತ್ತದೆ, ಚಿಕ್ಕವು ಇನ್ನೂ ಬೇಗ. ಒಂದು ಹೆಜ್ಜೆ ಹಿಂದೆ ಸರಿದು, ಕುಕ್ಕರಿಸಿ, ಬಾಲ ಎತ್ತಿತೆಂದರೆ ಹೊತ್ತಾಯಿತು. ಹಾಗಾಗಿ ಹತ್ತು ಹದಿನೈದು ನಿಮಿಷಕ್ಕೆ ಕೂರುಕಂಬಿಗೆ ಇಳಿಸಿ, ಹಿಕ್ಕೆ ಹಾಕಿದ ಮೇಲೆ ಮತ್ತೆ ಕರೆದುಕೊಳ್ಳಿ. ತಡೆಹಿಡಿಯಲು ಮಾತ್ರ ಕಲಿಸಬೇಡಿ, ಅದು ಆರೋಗ್ಯಕ್ಕೆ ಕೆಟ್ಟದ್ದು. ಒಣಗಿದ ಹಿಕ್ಕೆಯ ಧೂಳಿನಿಂದ ಸಿಟಕೋಸಿಸ್ ಎಂಬ ಸೋಂಕು ಮನುಷ್ಯರಿಗೆ ಬರಬಹುದು. ಬಟ್ಟೆಯ ಮೇಲೆ ಬಿದ್ದದ್ದನ್ನು ಹಸಿಯಿದ್ದಾಗಲೇ ಒರೆಸಿ, ಕೈ ತೊಳೆಯಿರಿ. ಕಾಕಟೂ, ಕಾಕಟೀಲ್, ಆಫ್ರಿಕನ್ ಗ್ರೇ ಗರಿಗಳಿಂದ ಬಿಳಿ ಪುಡಿ ಉದುರುತ್ತಲೇ ಇರುತ್ತದೆ. ಅಸ್ತಮಾ ಇರುವವರು ಈ ಹಕ್ಕಿಗಳನ್ನು ಮೂಗಿನ ಪಕ್ಕ ಕೂರಿಸಿಕೊಳ್ಳದಿರುವುದೇ ಲೇಸು.

ಕಚ್ಚಿಬಿಟ್ಟರೆ

ಕೊಕ್ಕು ಕಿವಿಯನ್ನೋ ಕೆನ್ನೆಯನ್ನೋ ಹಿಡಿದಿದ್ದರೆ ಹಿಂದಕ್ಕೆ ಎಳೆದುಕೊಳ್ಳಬೇಡಿ, ಗಾಯ ಹರಿಯುತ್ತದೆ. ಕಷ್ಟವೆನಿಸಿದರೂ ಕ್ಷಣಕಾಲ ಅದರ ಕಡೆಗೇ ಒತ್ತಿ, ಹಿಡಿತ ಸಡಿಲವಾಗುತ್ತದೆ. ಇನ್ನೊಂದು ಕೈಯಲ್ಲಿ ಟವೆಲ್ಲಿನ ಅಂಚನ್ನೋ ಆಟಿಕೆಯನ್ನೋ ಕೊಕ್ಕಿನ ನಡುವೆ ತನ್ನಿ. ಕಿರುಚಬೇಡಿ, ಹೊಡೆಯಬೇಡಿ, ಹತ್ತಿರದ ಕಂಬಿಗೆ ಬೆನ್ನು ಕೊಟ್ಟು ಇಳಿಸಿ, ಹತ್ತು ನಿಮಿಷ ಅದರ ಪಾಡಿಗೆ ಬಿಡಿ. ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ ಕನಿಷ್ಠ ಐದು ನಿಮಿಷ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಣ್ಣು, ರೆಪ್ಪೆ, ತುಟಿ, ಕಿವಿಯ ಮೃದ್ವಸ್ಥಿಗೆ ತಾಗಿದ್ದರೆ ಅಥವಾ ಗಾಯ ಆಳವಾಗಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ, ಹಕ್ಕಿ ಕಚ್ಚಿದ್ದೆಂದು ಹೇಳಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ.

ಆಮೇಲೆ ಎರಡು ವಾರ ಹೆಗಲು ಬೇಡ. ಶಿಕ್ಷೆಯೆಂದಲ್ಲ, ಕಚ್ಚಿಸಿಕೊಂಡವರ ಮೈ ಬಿಗಿಯುತ್ತದೆ, ಆ ಬಿಗಿತ ಹಕ್ಕಿಗೂ ತಿಳಿಯುತ್ತದೆ. ಕೂರುಕಂಬಿ, ಕೈ, ಐದು ಸೆಕೆಂಡು ಎಂಬ ಮೊದಲಿನ ಕ್ರಮದಲ್ಲೇ ಮತ್ತೆ ಶುರುಮಾಡಿ. ಸದಾ ಸಾಧುವಾಗಿದ್ದ ಗಿಣಿ ಕಾರಣ ಕಾಣದೆ ಒಮ್ಮೆಲೆ ಕಚ್ಚತೊಡಗಿದರೆ ನೋವೋ ಕಾಯಿಲೆಯೋ ಇರಬಹುದು, ಪಶುವೈದ್ಯರಿಗೆ ತೋರಿಸಿ. ಹೆಗಲು ಹೊಂದದೇ ಹೋದ ಗಿಣಿಗೆ ನೀವು ಕೂರುವ ಕುರ್ಚಿಯ ಪಕ್ಕದಲ್ಲಿ, ನಿಮ್ಮ ಎದೆಯ ಮಟ್ಟಕ್ಕೆ ಒಂದು ನಿಲುಗಂಬಿ ನಿಲ್ಲಿಸಿ, ಮುಖದಿಂದ ಒಂದು ತೋಳಿನ ದೂರದಲ್ಲಿ. ಅಗಿಯಲು ಮರದ ತುಂಡೊಂದನ್ನು ಕಟ್ಟಿ, ಅಲ್ಲಿ ಕುಳಿತಾಗ ಆಗಾಗ ಮಾತಾಡಿಸಿ, ತಿಂಡಿ ಕೊಡಿ. ಅಲ್ಲಿಂದ ಅದರ ಕಣ್ಣು ನಿಮಗೆ ಕಾಣುತ್ತದೆ, ನಿಮ್ಮ ಕಣ್ಣು ಅದರ ಕೊಕ್ಕಿಗೆ ಎಟುಕುವುದಿಲ್ಲ.